ಪ್ರತಿಕ್ರಿಯೆ: ಎರಡೇ ದಿನದಲ್ಲಿ 2 ಕೆಜಿ ಸ್ನಾಯು ಕರಗಿತಾ?
ಜಿಮ್‌ನ ಮೈ ಅಳೆಯುವ ಯಂತ್ರದಲ್ಲಿ ಕೊಬ್ಬಿಲ್ಲದ ತೂಕ ಎರಡೇ ದಿನದಲ್ಲಿ 2 ಕೆಜಿ ಇಳಿದಿದೆ, ಸ್ನಾಯು ಕರಗಿತಾ ಎಂದು ಕೇಳಿದ್ದೀರಿ. ಕರಗಿದ್ದು ಸ್ನಾಯು ಅಲ್ಲ, ಹೆಚ್ಚಾಗಿ ನೀರಿನ ಲೆಕ್ಕ ತಪ್ಪಿದೆ. ಜಿಮ್‌ನ ಆ ಯಂತ್ರ ಮೈಯಲ್ಲಿ ಸಣ್ಣ ಕರೆಂಟ್ ಹಾಯಿಸಿ ನೀರು ಎಷ್ಟಿದೆಯೆಂದು ಊಹಿಸಿ, ಅದರಿಂದ ಕೊಬ್ಬಿಲ್ಲದ ತೂಕ ಹೇಳುತ್ತದೆ. ಮಲ್ಪೆ ಬೀಚಲ್ಲಿ ಓಡಿ, ಈ ಸೆಕೆಗೆ ಬೆವರಿಳಿಸಿ ನೇರ ಅದರ ಮೇಲೆ ನಿಂತರೆ ಅಂಕಿ ಅಲುಗಾಡದೆ ಇರುತ್ತದಾ? (ಕೊಬ್ಬಿಲ್ಲದ ತೂಕದಲ್ಲಿ ಎಲುಬು, ಅಂಗಾಂಗ, ನೀರು ಎಲ್ಲ ಸೇರಿದೆ ಮಾರಾಯ್ರೆ, ಸ್ನಾಯು ಮಾತ್ರ ಅಲ್ಲ.)

ಮೊದಲು ಬೋಯರ್ ಸೂತ್ರದಲ್ಲಿ (ತೂಕ, ಎತ್ತರದಿಂದ ಕೊಬ್ಬಿಲ್ಲದ ತೂಕ ಅಂದಾಜಿಸುವ ಲೆಕ್ಕ) ನೋಡಿ. ಗಂಡಸರಿಗೆ: 0.407 × ತೂಕ + 0.267 × ಎತ್ತರ (ಸೆಂ.ಮೀ.) − 19.2. ನಿಮ್ಮ 72 ಕೆಜಿ, 170 ಸೆಂ.ಮೀ.ಗೆ ಸುಮಾರು 55.5 ಕೆಜಿ. ಅಂದಾಜಷ್ಟೇ, ಮೈಕಟ್ಟು ಜೋರಿದ್ದವರಿಗೆ ಕಡಿಮೆ ತೋರಿಸಬಹುದು.

ಆಮೇಲೆ ಅದೇ ಯಂತ್ರದಲ್ಲಿ, ಬೆಳಿಗ್ಗೆ ಶೌಚ ಮುಗಿಸಿ, ಗಂಜಿಗೆ ಮುಂಚೆ, ವ್ಯಾಯಾಮಕ್ಕೂ ಮುಂಚೆ ತಿಂಗಳಿಗೊಮ್ಮೆ ಅಳೆಯಿರಿ. ಮೂರು ಸಲವೂ ಇಳಿಯುತ್ತಲೇ ಹೋದರೆ ಆಗ ವೈದ್ಯರಿಗೆ ತೋರಿಸಿ.