ಕೇಳಿ ಕೇಳಿಯೇ ನುಡಿಸಲು ಕಲಿತವರು ಸಂಗೀತಶಾಸ್ತ್ರವನ್ನು ಎಲ್ಲಿಂದ ಶುರುಮಾಡಬೇಕು?

ಚಿಕ್ಕಮಗಳೂರಿನಲ್ಲಿ 15 ವರ್ಷಗಳಿಂದ ಭಜನಾ ಮಂಡಳಿಗೂ ವಾದ್ಯಗೋಷ್ಠಿಗೂ ಕೀಬೋರ್ಡ್ ನುಡಿಸುತ್ತಿದ್ದೇನೆ, ಯಾರ ಬಳಿಯೂ ಪಾಠ ಹೇಳಿಸಿಕೊಂಡಿಲ್ಲ, ಈಗ ಶಾಸ್ತ್ರ ಕಲಿಯಬೇಕೆಂದರೆ ಮಕ್ಕಳಿಗೆ ಮೊದಲು ಹೇಳಿಕೊಡುವ ಸ್ವರಪಾಠವಾದ ಸರಳೆವರಸೆಯಿಂದಲೇ ಹೊರಡಬೇಕೇ, ಕಲಿತರೆ ಕೈಗೆ ಬಂದಿರುವುದೂ ಕೆಟ್ಟುಹೋಗುವುದಿಲ್ಲವೇ ಎಂದು ನೀವು ಕೇಳಿದ್ದೀರಿ. ನಾನು ಹಾಸನದವನು. ಅರಕಲಗೂಡು, ಹೊಳೆನರಸೀಪುರದ ಕಡೆಯ ಹಳ್ಳಿಗಳಲ್ಲಿ 22 ವರ್ಷ ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿ, 43ನೆಯ ವಯಸ್ಸಿನಲ್ಲಿ ಶಾಸ್ತ್ರಕ್ಕೆ ಕೈಹಾಕಿದವನು. ಸರಳೆವರಸೆ ಬೇಕೇಬೇಕು, ಆದರೆ ಮೊದಲ ದಿನವೇ ಬೇಡ. ಕೈ ಕೆಡುವ ವಿಷಯಕ್ಕೆ ಆಮೇಲೆ ಬರುತ್ತೇನೆ, ಏಕೆಂದರೆ ಅದು ಸ್ವಲ್ಪ ಕಾಲ ಕೆಡುವುದು ನಿಜ.

ನಾನು ಮೊದಲು ಹೋದ ಮೇಷ್ಟ್ರು, ಇದುವರೆಗೆ ನುಡಿಸಿದ್ದನ್ನೆಲ್ಲ ಮರೆತು ಬನ್ನಿ ಎಂದರು. ಎರಡು ತಿಂಗಳು ಎಂಟು ವರ್ಷದ ಮಕ್ಕಳ ಜೊತೆ ಕುಳಿತು ಸರಿಗಮ ಹೇಳಿ ಬಿಟ್ಟುಬಂದೆ. ನಾಚಿಕೆಯಿಂದ ಬಿಟ್ಟೆನೆಂದು ಆಗ ಅಂದುಕೊಂಡಿದ್ದೆ, ಕಾರಣ ಬೇರೆಯೇ ಇತ್ತು. ಸಂಗೀತದಲ್ಲಿ ಲಕ್ಷ್ಯ, ಲಕ್ಷಣ ಎಂದು ಎರಡು ಮಾತುಗಳಿವೆ. ಹಾಡಿ ನುಡಿಸಿ ತೋರಿಸುವುದು ಲಕ್ಷ್ಯ, ಅದರ ನಿಯಮವನ್ನು ಹೇಳುವುದು ಲಕ್ಷಣ. ಮಗುವಿಗೆ ಎರಡೂ ಒಟ್ಟಿಗೆ ಬರುತ್ತವೆ. ನಮ್ಮಂಥವರಲ್ಲಿ ಲಕ್ಷ್ಯ ಅಡ್ಡಾದಿಡ್ಡಿಯಾಗಿಯಾದರೂ ಬೇಕಾದಷ್ಟು ತುಂಬಿಕೊಂಡಿರುತ್ತದೆ, ಲಕ್ಷಣ ಮಾತ್ರ ಸೊನ್ನೆ. ಆದ್ದರಿಂದ ನಮಗೆ ಪಾಠವನ್ನು ಹಿಂದುಮುಂದಾಗಿಯೇ ಹೇಳಬೇಕಾಗುತ್ತದೆ.

ಅದನ್ನು ತಿಳಿದಿದ್ದವರು ನನ್ನ ಎರಡನೆಯ ಗುರುಗಳು, ಮನೆಯ ಪಡಸಾಲೆಯಲ್ಲೇ ಹಾಡುಗಾರಿಕೆ ಹೇಳಿಕೊಡುತ್ತಿದ್ದ ವಯಸ್ಸಾದ ಹೆಂಗಸು. ಕಣ್ಣುಮುಚ್ಚಿದರೂ ಬರುವ ಹಾಡೊಂದನ್ನು ನುಡಿಸಿ ಎಂದರು. ನಾನು ಕೃಷ್ಣನ ಪ್ರವೇಶದ ಹಾಡನ್ನು, ಯಾವಾಗಲೂ ನುಡಿಸುವಂತೆ ಬರೀ ಕಪ್ಪು ಮನೆಗಳ (ಕೀಲಿಗಳ) ಮೇಲೆ ನುಡಿಸಿದೆ. ಷಡ್ಜ, ಅಂದರೆ ‘ಸ’, ಎಲ್ಲಿದೆ ಎಂದು ಕೇಳಿದಾಗ, ಮೂರು ಕಪ್ಪು ಮನೆಗಳ ಗುಂಪಿನಲ್ಲಿ ಮೊದಲನೆಯದರ ಮೇಲೆ ಬೆರಳಿಟ್ಟೆ. ಇದು ಮೋಹನ ರಾಗ ಎಂದರು. ಆಮೇಲೆ ಷಡ್ಜವನ್ನು ಹಿಂದೆ ಮೊಳಗಿಸುತ್ತಿರುವ ಶ್ರುತಿಪೆಟ್ಟಿಗೆಯನ್ನು ಮುಂದಿನ ಕಪ್ಪು ಮನೆಗೆ ಏರಿಸಿ, ಅದೇ ಐದು ಮನೆಗಳನ್ನೇ ನುಡಿಸಿ, ಆದರೆ ಇದು ಷಡ್ಜ ಎಂದುಕೊಳ್ಳಿ ಎಂದರು. ಕೇಳಿಬಂದದ್ದು ಕಚೇರಿಯ ಕೊನೆಗೆ ಹಾಡುವ ಮಧ್ಯಮಾವತಿ! ಇನ್ನೊಂದು ಮನೆ ಮುಂದೆ ಹೋದಾಗ ಹಿಂದೋಳ, ಅದರಾಚೆ ಶುದ್ಧ ಸಾವೇರಿ, ಕೊನೆಯ ಮನೆಯಲ್ಲಿ ನಾನು ಹೆಸರೇ ಕೇಳದಿದ್ದ ಉದಯರವಿಚಂದ್ರಿಕೆ. ಇದನ್ನು ಗ್ರಹಭೇದ ಎನ್ನುತ್ತಾರೆ. ಹಿಂದೋಳವನ್ನು ನಾನು ಬೇರೆ ಕಡೆಯಲ್ಲಿ ಬಿಳಿ ಕಪ್ಪು ಸೇರಿಸಿ ನುಡಿಸುತ್ತಿದ್ದೆನಾದ್ದರಿಂದ, ಅದಕ್ಕೂ ಮೋಹನಕ್ಕೂ ನಂಟಿದೆ ಎಂದು 22 ವರ್ಷದಲ್ಲಿ ಒಂದು ಸಲವೂ ಹೊಳೆದಿರಲಿಲ್ಲ. ನಿಮ್ಮ ಕೀಬೋರ್ಡಿನಲ್ಲಿ ಇಂದೇ ಮಾಡಿ ನೋಡಿ. ಶ್ರುತಿ ಮಾತ್ರ ಹಿಂದೆ ಮೊಳಗುತ್ತಿರಬೇಕು, ಇಲ್ಲದಿದ್ದರೆ ಕಿವಿ ಹಳೆಯ ಷಡ್ಜಕ್ಕೇ ವಾಪಸು ಓಡುತ್ತದೆ.

ಆ ಮಧ್ಯಾಹ್ನ ನನಗೆ ತಿಳಿದದ್ದು, ಸ್ವರವೆಂದರೆ ಮನೆಯಲ್ಲ, ಷಡ್ಜದಿಂದ ಇರುವ ದೂರ ಎಂಬುದು. ಹೇಳಿದರೆ ಸಣ್ಣ ಮಾತು, ಆದರೆ ನಾಟಕದವನಿಗೆ ಅದರಿಂದ ಆದ ಉಪಕಾರ ಸಣ್ಣದಲ್ಲ. ದುರ್ಯೋಧನನ ಪಾತ್ರಧಾರಿ ರಾತ್ರಿ ಹತ್ತಕ್ಕೆ ಒಂದು ಶ್ರುತಿಯಲ್ಲಿ ಕಂದಪದ್ಯ ಎತ್ತಿಕೊಂಡರೆ, ಬೆಳಗಿನ ಜಾವ ಮೂರಕ್ಕೆ ಆವೇಶದಲ್ಲಿ ಅರ್ಧ ಮನೆಯೋ ಒಂದು ಮನೆಯೋ ಮೇಲಿರುತ್ತಾನೆ. ನನಗೆ ಚೆನ್ನಾಗಿ ಬರುತ್ತಿದ್ದದ್ದು ಮೂರೇ ಶ್ರುತಿ, ಉಳಿದವುಗಳಲ್ಲಿ ತಡವರಿಸಿ ತಬಲದವನ ಸದ್ದಿನಲ್ಲಿ ಮುಚ್ಚಿಹಾಕುತ್ತಿದ್ದೆ. ಈಗ ಲೆಕ್ಕ ಗೊತ್ತಿದೆ. ಕಪ್ಪು ಬಿಳಿ ಎನ್ನದೆ ಸಾಲಾಗಿ ಮನೆ ಎಣಿಸಿದರೆ, ಶಂಕರಾಭರಣದ ಹೆಜ್ಜೆಗಳು 2, 2, 1, 2, 2, 2, 1. ಮಾಯಾಮಾಳವಗೌಳದ್ದು 1, 3, 1, ನಡುವೆ 2, ಮತ್ತೆ 1, 3, 1. ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯ ನಂಬುವ ಪಾಠಕ್ರಮ ಈ ರಾಗದಿಂದ ಏಕೆ ಹೊರಡುತ್ತದೆಂಬುದಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ: ಕೆಳಗಿನ ನಾಲ್ಕು ಸ್ವರಗಳ ಅಚ್ಚೇ ಮೇಲಿನ ನಾಲ್ಕಕ್ಕೂ ಇದೆ, ಅರ್ಧ ಕಲಿತರೆ ಇಡೀ ಕಲಿತಂತೆ.

17ನೆಯ ಶತಮಾನದ ಶಾಸ್ತ್ರಕಾರ ವೆಂಕಟಮಖಿಯ 72 ಮೇಳಗಳನ್ನು, ಅಂದರೆ ಏಳು ಸ್ವರಗಳ ಮೂಲರಾಗಗಳನ್ನು, ಕಂಡು ಹೆದರಬೇಡಿ, ಬಾಯಿಪಾಠವನ್ನೂ ಮಾಡಬೇಡಿ. ಮೊದಲ 36ರಲ್ಲಿ ಶುದ್ಧ ಮಧ್ಯಮ (ಕೆಳಗಿನ ‘ಮ’), ಮುಂದಿನ 36ರಲ್ಲಿ ಪ್ರತಿ ಮಧ್ಯಮ (ಒಂದು ಮನೆ ಮೇಲಿನ ‘ಮ’). ಆದ್ದರಿಂದ 29ನೆಯ ಶಂಕರಾಭರಣಕ್ಕೆ 36 ಕೂಡಿಸಿದರೆ 65ನೆಯ ಕಲ್ಯಾಣಿ, ಎರಡಕ್ಕೂ ಮಧ್ಯಮದ ಒಂದು ಮನೆಯಷ್ಟೇ ವ್ಯತ್ಯಾಸ. ಮೇಳದ ಸಂಖ್ಯೆ ಅದರ ಹೆಸರಿನಲ್ಲೇ ಅಡಗಿದೆ. ಅಕ್ಷರಗಳಿಗೆ ಅಂಕಿ ಕೊಡುವ ಕಟಪಯಾದಿ ಲೆಕ್ಕದಲ್ಲಿ ‘ಮಾ’ ಎಂದರೆ 5, ‘ಯಾ’ ಎಂದರೆ 1; ತಿರುಗಿಸಿ ಓದಿದರೆ ಮಾಯಾಮಾಳವಗೌಳ 15.

ಇಲ್ಲಿ ನಾನು ಮುಗ್ಗರಿಸಿದ್ದನ್ನೂ ಹೇಳಬೇಕು. ಹೆಜ್ಜೆಗಳ ಲೆಕ್ಕ ಸಿಕ್ಕಿದ ಹುರುಪಿನಲ್ಲಿ ಎಲ್ಲ ರಾಗವೂ ಕೈಗೆ ಬಂತೆಂದುಕೊಂಡು, ಒಂದು ದಿನ ತೋಡಿ ರಾಗದ ಸ್ವರಗಳನ್ನು ಸರಿಯಾದ ಮನೆಗಳಲ್ಲೇ ನುಡಿಸಿ ತೋರಿಸಿದೆ. ಗುರುಗಳು ನಕ್ಕು, ಇದು ಹಿಂದೂಸ್ತಾನಿಯವರ ಭೈರವಿಯಾಯಿತು, ತೋಡಿಯಲ್ಲ ಎಂದರು. ಮನೆಗಳು ಅವೇ, ಆದರೆ ತೋಡಿಯ ಗಾಂಧಾರ (‘ಗ’) ಒಂದು ಕಡೆ ನಿಲ್ಲದೆ ತೂಗಾಡಬೇಕು, ಹಾರ್ಮೋನಿಯಂನ ಮನೆ ತೂಗಾಡುವುದಿಲ್ಲ. 1940ರಿಂದ ಮೂರು ದಶಕಗಳ ಕಾಲ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿದ್ದನ್ನು ಕೇಳಿ ಅದುವರೆಗೆ ಸಿಟ್ಟಾಗುತ್ತಿದ್ದವನಿಗೆ, ಆವತ್ತು ಇದರಲ್ಲಿ ಸ್ವರ ತೂಗಾಡದು ಎಂಬ ಆ ವಾದದಲ್ಲಿ ಅರ್ಧ ಹುರುಳಿದೆ ಎನಿಸಿತು. (ಇನ್ನರ್ಧವನ್ನು ಈಗಲೂ ಒಪ್ಪುವುದಿಲ್ಲ.) ಆರಭಿ ಮತ್ತು ದೇವಗಾಂಧಾರಿ ರಾಗಗಳಿಗಂತೂ ಸ್ವರಗಳು ಏರುವ ಇಳಿಯುವ ಕ್ರಮ, ಆರೋಹಣ ಅವರೋಹಣ, ಎರಡೂ ಒಂದೇ, ಸ್ವರಗಳನ್ನು ಹಿಡಿದು ನಡೆಸುವ ರೀತಿಯಿಂದಲೇ ಅವು ಬೇರೆಯಾಗುತ್ತವೆ. ನಿಮ್ಮ ಕೀಬೋರ್ಡಿನಲ್ಲಿ ಪಿಚ್ ಬೆಂಡ್ ಚಕ್ರವಿರಬಹುದು, ಅದನ್ನು ಅಲುಗಾಡಿಸಿದ್ದೇ ಗಮಕವೆಂದು (ಸ್ವರದ ತೂಗಾಟವೆಂದು) ದಯವಿಟ್ಟು ನಂಬಿಕೊಳ್ಳಬೇಡಿ. ಕಂಠ ಹೇಗೇ ಇರಲಿ, ಹಾಡಬೇಕು. ಕಾವೇರಿ ದಂಡೆಯ ರುದ್ರಪಟ್ಟಣ, ಆರ್.ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರ ಊರು, ನಮ್ಮ ಅರಕಲಗೂಡು ತಾಲ್ಲೂಕಿನಲ್ಲೇ ಇದೆ. ಅಲ್ಲಿನ ತಂಬೂರಿ ಆಕಾರದ ಮಂದಿರದ ಮುಂದೆ ಎಷ್ಟೋ ಸಲ ಹಾರ್ಮೋನಿಯಂ ಪೆಟ್ಟಿಗೆ ಹೇರಿಕೊಂಡು ಹಾದುಹೋಗಿದ್ದರೂ, ಅದು ಹಾಡುವವರ ಲೋಕ, ನನಗೇನು ಕೆಲಸ ಎಂದುಕೊಂಡು ಒಳಗೆ ಕಾಲಿಟ್ಟಿರಲಿಲ್ಲ.

ಸರಳೆವರಸೆ ಬೇಕಾಗುವುದು ತಾಳಕ್ಕೆ. ಈ ವಿಷಯದಲ್ಲಿ ಕೇಳಿ ಕಲಿತವರು ಮಕ್ಕಳಿಗಿಂತ ಹಿಂದೆ, ಏಕೆಂದರೆ ನಮ್ಮನ್ನು ಇಷ್ಟು ದಿನ ಎಳೆದುಕೊಂಡು ಹೋಗಿರುವುದು ಪಕ್ಕದ ತಬಲದವನು. ಆದಿತಾಳವೆಂದರೆ 4, 2, 2 ಎಂದು ಎಂಟು ಅಕ್ಷರ, ಒಂದು ಲಘು ಎರಡು ದ್ರುತ. ಬಾಯಲ್ಲಿ ಸ್ವರ ಹೇಳುತ್ತ, ತೊಡೆಯ ಮೇಲೆ ತಟ್ಟಿ ಬೆರಳೆಣಿಸುತ್ತ, ಒಂದನೆಯ ಕಾಲದಿಂದ ಎರಡನೆಯದಕ್ಕೆ, ಮೂರನೆಯದಕ್ಕೆ ಏರಬೇಕು. ಸ್ವರದ ವೇಗ ಇಮ್ಮಡಿಯಾದರೂ ಕೈಯ ವೇಗ ಬದಲಾಗಬಾರದು. ನನ್ನ ಕೈ ಸ್ವರದ ಹಿಂದೆಯೇ ಓಡುತ್ತಿತ್ತು, ಅದನ್ನು ನಿಲ್ಲಿಸಲು ಐದು ತಿಂಗಳು ಹಿಡಿಯಿತು. ಮುಂದೆ ಜೂನಿಯರ್ ಪರೀಕ್ಷೆಗೆ ಕುಳಿತಾಗ ಶಾಸ್ತ್ರದ ಪತ್ರಿಕೆ ಸಲೀಸಾಗಿ ಆಯಿತು, ತಾಳ ಹಾಕಿ ಹಾಡಿ ಎಂದಾಗ ಅಂಗೈ ಬೆವರಿತು.

ಇನ್ನು ಕೈ ಕೆಡುವ ವಿಷಯ. ಕಲಿಯಲು ಶುರುಮಾಡಿದ ಮೂರನೆಯ ತಿಂಗಳಲ್ಲಿ ಒಂದು ನಾಟಕದ ನಡುವೆ, ಈ ಹಾಡಿನ ರಾಗ ಯಾವ ಮೇಳದಿಂದ ಹುಟ್ಟಿದ್ದು ಎಂದು ಯೋಚಿಸುತ್ತ ಕುಳಿತು, ದ್ರೌಪದಿಯ ಹಾಡಿಗೆ ಶ್ರುತಿ ಕೊಡುವುದನ್ನೇ ಮರೆತೆ. ಪಾತ್ರಧಾರಿ ನನ್ನತ್ತ ನೋಡಿದ ನೋಟ ಇನ್ನೂ ನೆನಪಿದೆ. ಇಂಥದ್ದು ನಾಲ್ಕೈದು ತಿಂಗಳು ಇರುತ್ತದೆ, ಆಮೇಲೆ ತಾನಾಗಿ ಹೋಗುತ್ತದೆ. ಅಲ್ಲಿಯವರೆಗೆ ಶಾಸ್ತ್ರವನ್ನು ಮನೆಯಲ್ಲಿಟ್ಟು ವೇದಿಕೆಗೆ ಹೋಗಿ.

ವಾದ್ಯಗೋಷ್ಠಿಗೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಕಾರ್ಡ್‌ಗಳೂ ಬೇಕಲ್ಲ ಎಂದರೆ, ಅದನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ. ಶಂಕರಾಭರಣದ ಸ್ವರಗಳೇ ಮೇಜರ್ ಸ್ಕೇಲ್, ನಠಭೈರವಿಯವೇ ನ್ಯಾಚುರಲ್ ಮೈನರ್. ಹೆಜ್ಜೆಗಳ ಲೆಕ್ಕ ಬಂದವರಿಗೆ ಅದು ಕಷ್ಟವಾಗುವುದಿಲ್ಲ.

ಈ ವಾರ ನೀವು ಮಾಡಬಹುದಾದದ್ದು ಇಷ್ಟು. ಚೆನ್ನಾಗಿ ಬರುವ ಹತ್ತು ಭಜನೆಗಳನ್ನು ಆರಿಸಿ, ಪ್ರತಿಯೊಂದರ ಪಲ್ಲವಿಯನ್ನು ಮೊದಲು ಸ್ವರಗಳಲ್ಲಿ ಹಾಡಿಕೊಂಡು, ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕೀಬೋರ್ಡನ್ನು ತಪ್ಪು ತಿದ್ದಿಕೊಳ್ಳಲಷ್ಟೇ ಮುಟ್ಟಿ. ಬರೆದದ್ದನ್ನು ಹಿಡಿದುಕೊಂಡು ಹಾಡುಗಾರಿಕೆ ಹೇಳಿಕೊಡುವ ಒಬ್ಬರ ಬಳಿಗೆ ಹೋಗಿ, ತಿದ್ದಿಕೊಡಿ ಎಂದು ಕೇಳಿ. ಶ್ರುತಿಪೆಟ್ಟಿಗೆ ಇಲ್ಲದಿದ್ದರೆ ಫೋನಿನ ತಂಬೂರಿ ಆ್ಯಪ್ ಸಾಕು. ಮತ್ತೊಂದು ಮಾತು: ಶ್ರುತಿಯನ್ನು ತಾನೇ ಏರಿಳಿಸಿಕೊಡುವ ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿಯ ಮೇಲೆ ಒಂದು ತುಂಡು ಟೇಪ್ ಅಂಟಿಸಿ, ಆರು ತಿಂಗಳು ತೆಗೆಯಬೇಡಿ.