ಕೂಟುಹೊಳೆಗೆ ದೊಡ್ಡ ಡ್ಯಾಂ ಬೇಕಾ?

ಮಡಿಕೇರಿ ಸಮೀಪದ ಓದುಗರೊಬ್ಬರ ಪತ್ರ:

"ಮಡಿಕೇರಿಯಲ್ಲಿ ಮಳೆಗಾಲದಲ್ಲಿ ಕೊಡೆ ಮಡಚುವ ಹಾಗಿಲ್ಲ. ಮಾರ್ಚ್ ಬಂತು ಅಂದರೆ ನಲ್ಲಿಯಲ್ಲಿ ಬರೀ ಗಾಳಿ. ಮನೆ ಕೆಳಗಿನ ಪಾಳು ಗದ್ದೆಗೆ ಮಣ್ಣು ತುಂಬಿಸಿ ಪಾರ್ಕಿಂಗ್ ಮಾಡಿಕೊಂಡು ಹೋಂಸ್ಟೇ ನಡೆಸುತ್ತಿದ್ದೇನೆ. ಕಳೆದ ಬೇಸಿಗೆಯಲ್ಲಿ ಅತಿಥಿಗಳಿಗೆ ದಿನ ಬಿಟ್ಟು ದಿನ ಟ್ಯಾಂಕರ್ ತರಿಸಿದೆ. ಹಾರಂಗಿ ಅಣೆಕಟ್ಟಿನ ನೀರೆಲ್ಲ ಹೊರಗಿನವರಿಗೆ. ನಮಗೆ ಅಂತ, ಊರಿಗೆ ಕುಡಿಯುವ ನೀರು ಕೊಡುವ ಕೂಟುಹೊಳೆಯಲ್ಲಿ ಒಂದು ದೊಡ್ಡ ಡ್ಯಾಂ ಯಾಕೆ ಕಟ್ಟಬಾರದು? ಇಂಗ್ಲೆಂಡಿನವರು ಕುಡಿಯುವ ನೀರಿಗೆ ನೂರು ವರ್ಷದ ಹಿಂದೆಯೇ ಬೆಟ್ಟಗಳಲ್ಲಿ ಕಟ್ಟಿಕೊಂಡರಲ್ಲ? ಪತ್ರಿಕೆ ಈ ಬಗ್ಗೆ ದನಿ ಎತ್ತಬೇಕು."

ಸಂಪಾದಕರ ಉತ್ತರ:

ಪತ್ರ ಚೆನ್ನಾಗಿ ಬರೆದಿದ್ದೀರಿ. ಸಿಟ್ಟೂ ನ್ಯಾಯವಾದದ್ದೇ. ಆದರೆ ಡ್ಯಾಂ ಮಾತಿನ ನಡುವೆ ಗದ್ದೆಗೆ ಮಣ್ಣು ತುಂಬಿಸಿದ ಸುದ್ದಿಯನ್ನೂ ಹಾಗೇ ಸುಮ್ನೆ ತೂರಿಸಿಬಿಟ್ಟಿರಿ. ಇನ್ನು ನನ್ನನ್ನು ತಡೆಯುವವರು ಯಾರೂ ಇಲ್ಲ.

ನಿಮ್ಮ ಮಾತಿನಲ್ಲಿ ಒಪ್ಪುವಂಥದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಮಡಿಕೇರಿಗೆ ವರ್ಷಕ್ಕೆ 3000 ಮಿ.ಮೀ.ಗೂ ಜಾಸ್ತಿ ಮಳೆ. ನಮ್ಮ ತೋಟದವರ ಲೆಕ್ಕದಲ್ಲಿ ಹೇಳಿದರೆ ಹತ್ತಿರ ಹತ್ತಿರ 120 ಇಂಚು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿದುಹೋಗುತ್ತದೆ. ನಾಲ್ಕು ತಿಂಗಳು ಬಿದ್ದದ್ದನ್ನು ಹನ್ನೆರಡು ತಿಂಗಳು ಕುಡಿಯಬೇಕು ಅಂದರೆ ಎಲ್ಲೋ ಒಂದು ಕಡೆ ಹಿಡಿದಿಡಲೇಬೇಕು. ಊರಿಗೆ ಕೂಟುಹೊಳೆಯೊಂದೇ ಸಾಲದು ಅಂತಲೇ ಕುಂಡಾಮೇಸ್ತ್ರಿ ಅನ್ನುವ ಕಡೆಯಿಂದ ಪಂಪ್ ಮಾಡಿ ನೀರು ತರುವ ಯೋಜನೆ ಮಾಡಿದ್ದು. ಪಂಪಿಗೆ ಕರೆಂಟ್ ಇರಬೇಕು, ಕರೆಂಟಿಗೆ ಕಂಬ ನಿಂತಿರಬೇಕು, ಗಾಳಿಮಳೆಗೆ ಕಂಬದ ಮೇಲೆ ಮರ ಬೀಳದೆ ಇರಬೇಕು. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇರುವ ಕಟ್ಟೆಯ ಹೂಳು ತೆಗೆಯಲಿ, ಇನ್ನಷ್ಟು ನೀರು ನಿಲ್ಲುವ ಹಾಗೆ ಮಾಡಲಿ. ನನ್ನದೇನೂ ತಕರಾರಿಲ್ಲ.

ಹಾರಂಗಿ ವಿಷಯದಲ್ಲೂ ನಿಮ್ಮ ಸಂಕಟ ನಿಜ. ಹುದುಗೂರಿನ ಆ ಅಣೆಕಟ್ಟು ಮುಗಿದದ್ದು 1982ರಲ್ಲಿ. ತುಂಬಿದರೆ 8.5 ಟಿಎಂಸಿ. ಮಳೆಗಾಲದಲ್ಲಿ ನಾವೆಲ್ಲ ಪೇಪರಿನಲ್ಲಿ ಮೊದಲು ಹುಡುಕುವ ಆ 2859 ಅಡಿಯ ಮಟ್ಟ ಅದರದ್ದೇ. ಆದರೆ ಅದನ್ನು ಕಟ್ಟಿದ್ದು ಕುಡಿಯುವ ನೀರಿಗೆ ಅಲ್ಲ, ಗದ್ದೆಗೆ. ನಮ್ಮ ಗದ್ದೆಗೂ ಅಲ್ಲ. ಹೆಚ್ಚಾಗಿ ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಅರಕಲಗೂಡು ಕಡೆಯ ಗದ್ದೆಗಳಿಗೆ. ಪುಷ್ಪಗಿರಿ ಸಾಲಿನ ಮಳೆ ನಮ್ಮ ಹೊಲಮನೆಗಳ ಮೇಲೆ ನಿಂತಿತು, ಹರಿದದ್ದು ಮೂಡಣ ಬಯಲಿಗೆ. ಅಲ್ಲಿನ ರೈತರ ಮೇಲೆ ನನಗೆ ಮುನಿಸಿಲ್ಲ, ಅವರೂ ಉಣ್ಣಬೇಕಲ್ಲ. ಆದರೆ ಕುಶಾಲನಗರಕ್ಕೆ ಬೇಸಿಗೆಯಲ್ಲಿ ಒಮ್ಮೆ ಹೋಗಿ ಬನ್ನಿ. ಪಟ್ಟಣಕ್ಕೆ ನೀರೆತ್ತಲು ಬತ್ತಿದ ಕಾವೇರಿಗೆ ಅಡ್ಡಲಾಗಿ ಮರಳು ಮೂಟೆ ಪೇರಿಸಿರುತ್ತಾರೆ. ಪಕ್ಕದಲ್ಲೇ ಎಂಟೂವರೆ ಟಿಎಂಸಿಯ ಅಣೆಕಟ್ಟು, ಇಲ್ಲಿ ಹೊಳೆಗೆ ಮೂಟೆಯ ಕಟ್ಟೆ. ಆಮೇಲೆ ಮಳೆಗಾಲ ಜೋರಾದರೆ ಅದೇ ಹೊಳೆ ದಂಡೆಯ ಬಡಾವಣೆಗಳ ಒಳಗೆ ನುಗ್ಗುತ್ತದೆ. 2018, 2019ರಲ್ಲಿ ಕಣ್ಣಾರೆ ನೋಡಿದೆವಲ್ಲ.

ಈಗ ನಿಮ್ಮ ಇಂಗ್ಲೆಂಡಿಗೆ ಬರೋಣ. ಇಂಗ್ಲೆಂಡಿನವರು ಕಟ್ಟಿದ್ದು ನಿಜ. ಆದರೆ ಅವುಗಳಲ್ಲಿ ಕೆಲವನ್ನು ಕಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ಪಕ್ಕದ ವೇಲ್ಸ್ ಬೆಟ್ಟಗಳಲ್ಲಿ. ಬರ್ಮಿಂಗ್‌ಹ್ಯಾಂ ಕಾರ್ಖಾನೆಗಳ ಊರು. ಅಲ್ಲಿನ ನೀರು ಕೆಟ್ಟು ಜನ ರೋಗ ಬಂದು ಸಾಯುತ್ತಿದ್ದರು. 1892ರಲ್ಲಿ ಒಂದು ಕಾಯ್ದೆ ಮಾಡಿಸಿಕೊಂಡು ವೇಲ್ಸಿನ ಈಲನ್ ಕಣಿವೆಯಲ್ಲಿ ಅಣೆಕಟ್ಟುಗಳನ್ನು ಕಟ್ಟಿದರು. 1904ರಲ್ಲಿ ದೊರೆಯೇ ಬಂದು ಉದ್ಘಾಟನೆ ಮಾಡಿದ. ಅಲ್ಲಿಂದ ಊರಿಗೆ 118 ಕಿ.ಮೀ. ಅಷ್ಟು ದೂರಕ್ಕೆ ಇಳಿಜಾರು 52 ಮೀಟರ್ ಅಷ್ಟೇ, ಆದರೂ ಪಂಪಿನ ಹಂಗಿಲ್ಲದೆ ನೀರು ತಾನಾಗಿಯೇ ಹರಿದು ಹೋಗುತ್ತದೆ. ಎಂಜಿನಿಯರ್ ಜೇಮ್ಸ್ ಮ್ಯಾನ್ಸರ್ಗ್‌ನ ಲೆಕ್ಕಾಚಾರಕ್ಕೆ ಕೈ ಮುಗಿಯಬೇಕು. ಕಣಿವೆಯಲ್ಲಿದ್ದ ಮನೆ, ಶಾಲೆ, ಚರ್ಚು ಮುಳುಗಿದವು. ಜಮೀನಿನ ಒಡೆಯರಿಗೆ ಪರಿಹಾರ ಸಿಕ್ಕಿತು, ಗೇಣಿಯವರಿಗೆ ಇಲ್ಲ.

ಈ ಕಥೆಯಲ್ಲಿ ಡ್ಯಾಂ ಫೋಟೋ ನೋಡುವವರ ಕಣ್ಣಿಗೆ ಬೀಳದ ಸಂಗತಿ ಒಂದಿದೆ. ಬರ್ಮಿಂಗ್‌ಹ್ಯಾಂನವರು ನೀರು ನಿಲ್ಲುವ ಜಾಗವನ್ನಷ್ಟೇ ಕೊಂಡುಕೊಳ್ಳಲಿಲ್ಲ. ಆ ಕಣಿವೆಗೆ ಹನಿ ಹರಿದು ಬರುವ ಸುತ್ತಲಿನ ಬೆಟ್ಟಗಳನ್ನೂ ಕೊಂಡರು, ಸುಮಾರು 180 ಚದರ ಕಿ.ಮೀ. ಮೇಲಿನ ಬೆಟ್ಟ ಕೆಟ್ಟರೆ ಕೆಳಗಿನ ಕಟ್ಟೆಗೆ ಬರುವುದು ಕೊಳೆ ಮತ್ತು ಹೂಳು ಅಂತ ಆಗಲೇ ಅವರಿಗೆ ಗೊತ್ತಿತ್ತು. ಮುಂಬೈಗೆ ನೀರು ಕೊಡುವ ವಿಹಾರ್, ತುಳಸಿ ಕೆರೆಗಳ ಸುತ್ತ ಇವತ್ತಿಗೂ ಕಾಡಿದೆ. ಶಿಮ್ಲಾಗೆ ನೀರು ಕೊಡಲೆಂದೇ ಕಾಪಾಡಿದ ದೇವದಾರು ಕಾಡೊಂದಿದೆ. ಊರು ಬೆಳೆದು ಆ ನೀರು ಸಾಲದಾದದ್ದು ಬೇರೆ ಮಾತು. 2018ರ ಮೇ ತಿಂಗಳಲ್ಲಿ ಶಿಮ್ಲಾದವರು ಕೊಡ ಹಿಡಿದು ಟ್ಯಾಂಕರಿಗೆ ಸಾಲು ನಿಂತರು. ನ್ಯೂಯಾರ್ಕಿನವರಂತೂ 1997ರಲ್ಲಿ ನೂರಾರು ಕೋಟಿ ಡಾಲರಿನ ಶುದ್ಧೀಕರಣ ಘಟಕ ಕಟ್ಟುವ ಬದಲು ತಮಗೆ ನೀರು ಬರುವ ಕ್ಯಾಟ್‌ಸ್ಕಿಲ್ ಬೆಟ್ಟದ ರೈತರ ಜೊತೆ ಒಪ್ಪಂದ ಮಾಡಿಕೊಂಡರು. ಕೊಟ್ಟಿಗೆಯ ಗಂಜಲ, ಸಗಣಿ ಹಳ್ಳಕ್ಕೆ ಸೇರದ ಹಾಗೆ ನೋಡಿಕೊಳ್ಳಿ, ಅದರ ಖರ್ಚು ನಾವು ಕೊಡುತ್ತೇವೆ ಅಂತ.

ಬೆಟ್ಟ ಬಿಟ್ಟು ಬರೀ ಡ್ಯಾಂ ಇಟ್ಟುಕೊಂಡರೆ ಏನಾಗುತ್ತದೆ ಅನ್ನುವುದನ್ನು ನೋಡಲು ಅಷ್ಟು ದೂರ ಹೋಗಬೇಕಿಲ್ಲ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿ 1890ರ ದಶಕದಲ್ಲಿ ಬೆಂಗಳೂರಿಗೆ ನೀರು ಕೊಟ್ಟರು. ಸಾಲಲಿಲ್ಲ, 1933ರಲ್ಲಿ ತಿಪ್ಪಗೊಂಡನಹಳ್ಳಿ. ಎರಡು ಕಟ್ಟೆಗಳೂ ಇವತ್ತಿಗೂ ಗಟ್ಟಿಯಾಗಿ ನಿಂತಿವೆ. ಸೊರಗಿದ್ದು ಹೊಳೆ. ಮೇಲೆ ಕೆರೆಗಳ ಕಾಲುವೆ ಮುಚ್ಚಿದರು, ಎಲ್ಲೆಲ್ಲೂ ಬೋರ್‌ವೆಲ್ ಕೊರೆದರು, ಬಡಾವಣೆ ಮಾಡಿದರು. 1974ರಿಂದ ನಮ್ಮ ಕಾವೇರಿಯೇ ಬೆಂಗಳೂರಿಗೆ ಗತಿ. ಸುಮಾರು 100 ಕಿ.ಮೀ. ದೂರದಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಹೊಡೆದು ಒಯ್ಯಬೇಕು. ಡ್ಯಾಂ ನೀರು ಹುಟ್ಟಿಸುವುದಿಲ್ಲ ಸ್ವಾಮಿ. ಬಂದದ್ದನ್ನು ಹಿಡಿಯುತ್ತದೆ, ಅಷ್ಟೇ.

ಹಾಗಾದರೆ ಕೊಡಗಿನಲ್ಲಿ ಬೇಸಿಗೆ ನೀರನ್ನು ಹುಟ್ಟಿಸುತ್ತಿದ್ದದ್ದು ಯಾವುದು? ಕಾಡು ಅಂತ ಎಲ್ಲರೂ ಹೇಳುತ್ತಾರೆ. ಸರಿಯೇ. ಆದರೆ ಗದ್ದೆ ಅಂತ ಯಾರೂ ಹೇಳುವುದಿಲ್ಲ. ಅದೇ ನನ್ನ ತಗಾದೆ. ನಮ್ಮ ಭೂಮಿಯ ಕಟ್ಟು ನೋಡಿ. ಮೇಲೆ ಕಾಡು, ನಡುವೆ ಬಾಣೆ (ಗದ್ದೆಗೆ ಸೇರಿದ ಮೇಲಿನ ಜಾಗ) ಮತ್ತು ತೋಟ, ಕೆಳಗೆ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ. ಗುಡ್ಡದಿಂದ ಇಳಿದ ನೀರು ನೇರವಾಗಿ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಓಡುವ ಹಾಗಿರಲಿಲ್ಲ. ಒಂದು ಮಡಿಯಿಂದ ಇನ್ನೊಂದು ಮಡಿಗೆ, ಬದುವಿನ ಬಾಯಿಂದ ಬದುವಿನ ಬಾಯಿಗೆ ಇಳಿದು, ತಡೆದು ತಡೆದು ಹೋಗಬೇಕಿತ್ತು. ಲೆಕ್ಕ ಹಾಕಿ ನೋಡಿ. ಒಂದು ಎಕರೆಯಲ್ಲಿ ಒಂದು ಇಂಚು ನೀರು ನಿಂತರೆ 1 ಲಕ್ಷ ಲೀಟರ್. ನಾಟಿ ಗದ್ದೆಯಲ್ಲಿ ನಾಲ್ಕು ಇಂಚು ನಿಲ್ಲುತ್ತದೆ ಅಂದುಕೊಳ್ಳಿ. 4 ಲಕ್ಷ ಲೀಟರ್ ಆಯಿತು. ಐದು ಸಾವಿರ ಲೀಟರಿನ 80 ಟ್ಯಾಂಕರ್! ಅದೂ ಒಂದು ಸಲ ನಿಂತಾಗ. ಸ್ವಲ್ಪ ಇಂಗುತ್ತದೆ, ಮತ್ತೆ ಮಳೆ ಬರುತ್ತದೆ, ಮತ್ತೆ ತುಂಬುತ್ತದೆ. ನಿಮ್ಮ ಪಾರ್ಕಿಂಗ್ ಎಷ್ಟು ಎಕರೆ ಅಂತ ನಾನು ಕೇಳುವುದಿಲ್ಲ. ಟ್ಯಾಂಕರ್ ಬಿಲ್ಲುಗಳ ಪಕ್ಕದಲ್ಲಿಟ್ಟು ನೀವೇ ಗುಣಿಸಿ.

ಮೂರ್ನಾಡು ಕಡೆ ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ದಿನಾ ಬೆಳಿಗ್ಗೆ ಕಾಫಿಗೆ ಮೊದಲು ಮಳೆ ಅಳೆಯುವುದು ಅವರ ಅಭ್ಯಾಸ. ಡಬ್ಬಿಯ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಡೈರಿಯಲ್ಲಿ ಬರೆಯುತ್ತಾರೆ: ಎರಡು ಇಂಚು ನಲವತ್ತು ಸೆಂಟ್ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್). ಇದರಲ್ಲಿ ವಿಶೇಷವೇನಿಲ್ಲ, ಕೊಡಗಿನ ತೋಟದ ಮನೆಗಳಲ್ಲಿ ಇಂಥ ಡೈರಿಗಳು ಬೇಕಾದಷ್ಟಿವೆ. ವಿಶೇಷ ಏನೆಂದರೆ, ಅವರು ಪ್ರತಿ ವರ್ಷ ಇನ್ನೊಂದು ಸಾಲನ್ನೂ ಬರೆಯುತ್ತಾರೆ. ಮನೆ ಹಿಂದಿನ ತೋಡಿನ ಹರಿವು ನಿಂತ ದಿನ. ಆ ಪುಟಗಳನ್ನು ನಾನು ತಿರುವಿ ಹಾಕಿದ್ದೇನೆ. ಮಳೆಯ ಇಂಚುಗಳು ಒಂದು ವರ್ಷ ಏರುತ್ತವೆ, ಒಂದು ವರ್ಷ ಇಳಿಯುತ್ತವೆ. ತೋಡು ನಿಲ್ಲುವ ದಿನ ಮಾತ್ರ ಏಪ್ರಿಲ್‌ನಿಂದ ಮಾರ್ಚಿಗೆ, ಮಾರ್ಚಿನಿಂದ ಫೆಬ್ರವರಿಗೆ ಸರಿಯುತ್ತ ಬಂದಿದೆ. ಮೇಲಿನ ಮೂರು ಮನೆಯವರು ಗದ್ದೆ ಬಿಟ್ಟ ಮೇಲೆ ಹೀಗಾಯಿತು ಅನ್ನುತ್ತಾರೆ ಅವರು. ಒಂದು ಡೈರಿಯಿಂದ ವಿಜ್ಞಾನ ಆಗುವುದಿಲ್ಲ, ಗೊತ್ತು. ಆದರೂ ನಾನು ನಂಬಿದ್ದೇನೆ.

ಗದ್ದೆ ಬಿಟ್ಟವರನ್ನು ಬೈಯುವುದು ಸುಲಭ. ಆನೆ ತುಳಿಯುತ್ತದೆ, ಹಂದಿ ಅಗೆಯುತ್ತದೆ, ನಾಟಿಗೆ ಜನ ಸಿಗುವುದಿಲ್ಲ. ಭತ್ತ ಮಾರಿದ ದುಡ್ಡು ಕೂಲಿಗೇ ಸಾಲದು. ಕೈಲ್‌ಪೊದ್ ಹಬ್ಬದ ದಿನ ಆಯುಧಕ್ಕೆ ಪೂಜೆ ಮಾಡುತ್ತೇವೆ, ನೇಗಿಲು ಅಟ್ಟ ಸೇರಿದೆ. ಸುಗ್ಗಿ ಹಬ್ಬ ಹುತ್ತರಿಗೆ ಕದಿರು ತೆಗೆಯಲು ಪಕ್ಕದವರ ಗದ್ದೆಗೆ ಹೋಗುವ ಮನೆಗಳು ಎಷ್ಟಾದವು! ಆದರೆ ಪಕ್ಕದ ಕೇರಳ ಏನು ಮಾಡಿತು ನೋಡಿ. 2008ರಲ್ಲೇ ಗದ್ದೆಗೆ ಮಣ್ಣು ತುಂಬುವುದನ್ನು ತಡೆಯಲು ಕಾಯ್ದೆ ತಂದಿತು. 2020ರಲ್ಲಿ ಗದ್ದೆಯನ್ನು ಗದ್ದೆಯಾಗಿ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2000 ರೂಪಾಯಿ ಕೊಡಲು ಶುರುಮಾಡಿತು. ಆ ದುಡ್ಡಿಗೆ ಒಂದು ಹೊತ್ತಿನ ನಾಟಿಯೂ ಆಗುವುದಿಲ್ಲ ಅಂತ ನೀವು ನಗಬಹುದು. ಆದರೆ ಗದ್ದೆಯಿಂದ ಊರಿಗೆಲ್ಲ ನೀರಿದೆ ಅಂತ ಒಂದು ಸರ್ಕಾರ ಕಾಗದದ ಮೇಲೆ ಒಪ್ಪಿಕೊಂಡಿತಲ್ಲ.

ನಮ್ಮಲ್ಲಿ ಅದನ್ನು ಯಾರು ಒಪ್ಪುತ್ತಾರೆ? 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕಾವೇರಿ ತೀರ್ಪು ಕೊಟ್ಟಾಗ ಬೆಂಗಳೂರಿನ ಕುಡಿಯುವ ನೀರಿಗೆ ಅಂತಲೇ 4.75 ಟಿಎಂಸಿ ಜಾಸ್ತಿ ಸಿಕ್ಕಿತು. ಸಿಗಲಿ, ಅವರೂ ನಮ್ಮವರೇ, ನಮ್ಮ ಮಕ್ಕಳಲ್ಲಿ ಅರ್ಧ ಜನ ಅಲ್ಲೇ ಇದ್ದಾರೆ. ಆದರೆ ಹಂಚಿಕೆಯ ಅಷ್ಟು ವರ್ಷಗಳ ಜಗಳದಲ್ಲಿ ನೀರು ಹುಟ್ಟುವ ಗುಡ್ಡದವರಿಗೆ ಏನು ಕೊಡೋಣ ಅಂತ ಯಾರು ಕೇಳಿದರು? ಅದೇ ವರ್ಷ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜಾರಿದಾಗ ಮಾತ್ರ ನಾವು ಟಿವಿಯಲ್ಲಿ ಕಾಣಿಸಿಕೊಂಡೆವು. ಉಳಿದ ದಿನಗಳಲ್ಲಿ ನಾವು ವೀಕೆಂಡಿನ ತಂಪು ಜಾಗ. ಬರುವವರಿಗೆ ಬೆಟ್ಟದ ತುದಿಯಲ್ಲಿ ಈಜುಕೊಳ ಬೇಕು. ಕೆಳಗಿನ ಪೈಸಾರಿಯ, ಅಂದರೆ ಸರ್ಕಾರಿ ಜಾಗದಲ್ಲಿ ನೆಲೆಸಿದ, ಹೆಂಗಸರು ಕೊಡ ಹೊತ್ತು ಹೋಗುವಾಗ ಮೇಲಿನ ಕೊಳಕ್ಕೆ ಪೈಪು ಹತ್ತುತ್ತಿರುತ್ತದೆ.

ಹಾಗಂತ ಹೊರಗಿನವರನ್ನೇ ಬೈದು ಕೂರುವ ಹಾಗೂ ಇಲ್ಲ. ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾ ಕಾಫಿ ಹೂ ಬಿಡಲಿ ಅಂತ ಸ್ಪ್ರಿಂಕ್ಲರ್ ಹಾಕುವುದು ನಾವೇ. ಎಕರೆಗೆ ಒಂದು ಇಂಚು ಹೊಡೆದರೂ ಮತ್ತೆ ಅದೇ 1 ಲಕ್ಷ ಲೀಟರ್. ಹೊಳೆಗೆ ಮೋಟಾರ್ ಇಡಬೇಡಿ ಅಂತ ಕೆಲವು ಬೇಸಿಗೆಗಳಲ್ಲಿ ಆದೇಶ ಹೊರಡುತ್ತದೆ, ಮೋಟಾರ್ ರಾತ್ರಿ ಓಡುತ್ತದೆ. ಈ ಪತ್ರಿಕೆಯ ಚಂದಾದಾರರಲ್ಲಿ ಬೆಳೆಗಾರರೇ ಜಾಸ್ತಿ, ಆದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ.

ಕೂಟುಹೊಳೆಗೆ ದೊಡ್ಡ ಡ್ಯಾಂ ಅಂದಿರಲ್ಲ, ಅದರಲ್ಲಿ ಮುಳುಗುವುದು ಯಾರ ಜಾಗ ಅಂತ ಪತ್ರದಲ್ಲಿ ಬರೆದಿಲ್ಲ. ವೇಲ್ಸ್‌ನಲ್ಲಿ ಕಾಪೆಲ್ ಕೆಲಿನ್ ಅಂತ ಒಂದು ಹಳ್ಳಿಯಿತ್ತು. ವೆಲ್ಷ್ ಮಾತಾಡುವ ಪುಟ್ಟ ಊರು. ಲಿವರ್‌ಪೂಲ್ ನಗರದ ನೀರಿಗಾಗಿ 1957ರಲ್ಲಿ ಸಂಸತ್ತಿನಲ್ಲಿ ಮಸೂದೆ ಬಂದಾಗ ವೇಲ್ಸಿನ ಒಬ್ಬ ಸದಸ್ಯನೂ ಅದರ ಪರ ಮತ ಹಾಕಲಿಲ್ಲ. ಆದರೂ ಪಾಸಾಯಿತು. 1965ರ ಹೊತ್ತಿಗೆ ಹಳ್ಳಿ ನೀರಿನಡಿ ಹೋಗಿತ್ತು. ಲಿವರ್‌ಪೂಲ್ ಕ್ಷಮೆ ಕೇಳಿದ್ದು 2005ರಲ್ಲಿ. ನಮ್ಮ ಹಿರಿಯರ ಮೂಲಮನೆಯಾದ ಐನ್‌ಮನೆ, ದೇವರಕಾಡು ಮುಳುಗಿಸಿ ನಮ್ಮದೇ ಊರಿಗೆ ನೀರು ಕೊಟ್ಟರೆ ಕ್ಷಮೆಯನ್ನು ಯಾರು ಯಾರ ಹತ್ತಿರ ಕೇಳಬೇಕು?

ಪತ್ರಿಕೆ ದನಿ ಎತ್ತಬೇಕು ಅಂದಿರಿ. ಎತ್ತೋಣ. ನಿಮ್ಮ ಮನೆಯಲ್ಲೂ ಹಳೆಯ ಮಳೆ ಡೈರಿ ಇರಬೇಕು, ಅಟ್ಟದಲ್ಲಿ ಹುಡುಕಿ. ಗದ್ದೆಗೆ ಮಣ್ಣು ಹಾಕುವುದಕ್ಕೆ ಮೊದಲು ನಿಮ್ಮ ತೋಡು ಯಾವ ತಿಂಗಳವರೆಗೆ ಹರಿಯುತ್ತಿತ್ತು, ಈಗ ಯಾವಾಗ ನಿಲ್ಲುತ್ತದೆ ಅಂತ ಬರೆದು ಕಳಿಸಿ. ಉಳಿದ ಓದುಗರಿಗೂ ಇದೇ ಕೋರಿಕೆ. ಊರಿನ ಹೆಸರು, ವರ್ಷ, ತೋಡು ನಿಂತ ದಿನ, ಮೇಲಿನ ಗದ್ದೆ ನಾಟಿಯಾಗಿತ್ತೋ ಪಾಳಾಗಿತ್ತೋ, ಇಷ್ಟು ಸಾಕು. ಬಂದದ್ದನ್ನೆಲ್ಲ ಹುತ್ತರಿ ಸಂಚಿಕೆಯಲ್ಲಿ ಪಟ್ಟಿ ಮಾಡಿ ಹಾಕುತ್ತೇವೆ. ನಮ್ಮ ಮೂರ್ನಾಡಿನ ಹಿರಿಯರ ಡೈರಿ ತಪ್ಪು ಅಂತ ಅದರಿಂದ ಗೊತ್ತಾದರೆ, ಡ್ಯಾಂ ಪರವಾಗಿ ನಿಮ್ಮದೇ ಲೇಖನವನ್ನು ಮುಂದಿನ ತಿಂಗಳು ಅಚ್ಚು ಹಾಕುತ್ತೇನೆ.

— ಸಂಪಾದಕ