ಮುಳಬಾಗಿಲಿನಲ್ಲಿ ‘ಆಯಾಸ’ ಅಂದ್ರೆ ಬೇರೆ

ಹಾವೇರಿಯಿಂದ ವರ್ಗವಾಗಿ ಮುಳಬಾಗಿಲಿಗೆ ಬರುತ್ತಿದ್ದೀರಿ, ಜೊತೆಗೆ ಬಿಪಿ, ಶುಗರ್ ಎರಡೂ ಇರುವ ನಿಮ್ಮ ಅವ್ವನವರು. ಇಲ್ಲಿ ಯಾವ ಡಾಕ್ಟರ್ ಒಳ್ಳೆಯವರು ಅಂತ ಕೇಳಿದ್ದೀರಿ. ಹೆಸರು ಹೇಳಲ್ಲ, ಬೇಜಾರು ಮಾಡ್ಕೋಬೇಡಿ. ನಮ್ಮ ಮನೆಗೆ ಹೊಂದಿದ ಡಾಕ್ಟರ್ ನಿಮಗೂ ಹೊಂದಬೇಕು ಅಂತೇನಿಲ್ಲ. ಹುಡುಕೋದು ಹೇಗೆ ಅಂತ ಹೇಳುತ್ತೇನೆ.

ಮೊದಲು ಭಾಷೆಯ ವಿಷಯ. ಇದು ಚಿಕ್ಕದು ಅನ್ನಿಸಬಹುದು, ಆದರೆ ನಮಗೆ ಇದೇ ದೊಡ್ಡದು. ನಂಗಲಿ ದಾಟಿದರೆ ಆಂಧ್ರ, ಆ ಕಡೆ ಕೆಜಿಎಫ್‌ಗೆ ಹೋದರೆ ತಮಿಳು. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಕಲಸಿದ್ದು. ಹಾಗಾಗಿ ಕಾಯಿಲೆ ಹೇಳೋದೂ ಕಲಸಿದ ಭಾಷೆಯಲ್ಲೇ.

ನಮ್ಮ ಪೆದ್ದಮ್ಮ, ಅಂದರೆ ದೊಡ್ಡಮ್ಮ, ಒಂದು ದೊಡ್ಡ ಆಸ್ಪತ್ರೆಗೆ ಹೋಗಿ ‘ತುಂಬಾ ಆಯಾಸ ಸಾರ್, ನಾಲ್ಕು ಹೆಜ್ಜೆ ಹಾಕೋಕಾಗಲ್ಲ’ ಅಂದರು. ಅಲ್ಲಿದ್ದವರು ಬೇರೆ ಜಿಲ್ಲೆಯಿಂದ ಬಂದ ಹುಡುಗ ಡಾಕ್ಟರ್. ಕನ್ನಡದಲ್ಲಿ ಆಯಾಸ ಅಂದರೆ ಸುಸ್ತು ತಾನೇ? ವಯಸ್ಸಾಯ್ತು, ಚೆನ್ನಾಗಿ ಊಟ ಮಾಡಿ ಅಂತ ಹೇಳಿ ಬಿ-ಕಾಂಪ್ಲೆಕ್ಸ್ ಬರೆದುಕೊಟ್ಟರು. ಒಂದು ತಿಂಗಳು ಅದನ್ನೇ ನುಂಗಿದ್ದಾಯಿತು. ಆದರೆ ನಮ್ಮ ತೆಲುಗಿನಲ್ಲಿ ಆಯಾಸಂ ಅಂದರೆ ಏದುಸಿರು. ಆಮೇಲೆ ಊರಿನ ಹಳೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಾಗ ಪೆದ್ದಮ್ಮ ಅದೇ ಮಾತು ಹೇಳಿದರು. ಡಾಕ್ಟರ್ ತಕ್ಷಣ ಕೇಳಿದ್ದು ಎರಡೇ ಪ್ರಶ್ನೆ: ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ, ಸಾಯಂಕಾಲ ಕಾಲು ಊದುತ್ತಾ? ಮೂರು ದಿಂಬು, ಊದುತ್ತೆ ಅಂದರು ಪೆದ್ದಮ್ಮ. ಅವತ್ತೇ ಇಸಿಜಿ ತೆಗೆದು, ಚೀಟಿ ಬರೆದು, ಎಕೋ, ಅಂದರೆ ಹಾರ್ಟಿನ ಸ್ಕ್ಯಾನ್, ಮಾಡಿಸಿ ಅಂತ ಕೋಲಾರದ ಟಮಕಕ್ಕೆ, ಮೆಡಿಕಲ್ ಕಾಲೇಜಿಗೆ ಕಳಿಸಿದರು. ಹಾರ್ಟಿನ ಪಂಪಿಂಗ್ ಕಡಿಮೆಯಾಗಿತ್ತು. ಈಗ ಮಾತ್ರೆ ಮೇಲೆ ಚೆನ್ನಾಗಿದ್ದಾರೆ, ಬೈಯೋದಂತೂ ಜಾಸ್ತಿ ಆಗಿದೆ.

ಆ ಹುಡುಗ ಡಾಕ್ಟರ್ ದಡ್ಡರು ಅಂತ ನಾನು ಹೇಳಲ್ಲ. ಇನ್ನೊಂದು ಪ್ರಶ್ನೆ ಕೇಳುವ ಪುರುಸೊತ್ತು ಇರಲಿಲ್ಲ ಅಷ್ಟೆ. ನಿಮಗೆ ಬೇಕಿರೋದು ಆ ಇನ್ನೊಂದು ಪ್ರಶ್ನೆ ಕೇಳುವವರು. ಯಾಕೆಂದರೆ ನಿಮ್ಮ ಅವ್ವನವರೂ ಇಲ್ಲಿ ಹೊರಗಿನವರೇ. ಅವರು ಹೊಟ್ಟೆನೋವಿಗೆ ‘ಹೊಟ್ಟಿ ಬ್ಯಾನಿ’, ಏದುಸಿರಿಗೆ ‘ತೇಕು’ ಅಂದರೆ ಇಲ್ಲಿಯ ಕಾಂಪೌಂಡರ್ ಮುಖ ಮುಖ ನೋಡುತ್ತಾನೆ. ಹಾಗೆಯೇ ಪಕ್ಕದ ಬೆಂಚಿನಲ್ಲಿ ಕೂತ ಅಜ್ಜಿ ‘ಕಾಲಿಗೆ ತಿಮ್ಮಿರಿ’ ಅಂದರೆ ಹೆದರಬೇಡಿ, ಅದು ಜೋಮು. ಮೊದಲ ಸಲ ನೀವೇ ಜೊತೆಗೆ ಹೋಗಿ.

ಎರಡನೇದು, ಹಳ್ಳಿಗಳಲ್ಲಿ ‘ಆರ್‌ಎಂಪಿ’ ಅಂತ ಒಬ್ಬರು ಇರುತ್ತಾರೆ. ಎಂಬಿಬಿಎಸ್ ಓದಿರಲ್ಲ. ಕರೆದರೆ ಬೈಕಿನಲ್ಲಿ ಮನೆಗೇ ಬಂದು ಸೂಜಿ ಹಾಕುತ್ತಾರೆ, ಗ್ಲೂಕೋಸ್ ಏರಿಸುತ್ತಾರೆ, ದುಡ್ಡು ಆಮೇಲೆ ಕೊಟ್ಟರೂ ಸರಿ ಅನ್ನುತ್ತಾರೆ. ಜನ ಯಾಕೆ ಹೋಗುತ್ತಾರೆ ಅಂತ ನನಗೆ ಗೊತ್ತು, ರಾತ್ರಿ ಹನ್ನೊಂದಕ್ಕೆ ಇನ್ಯಾರು ಬರುತ್ತಾರೆ ಹೇಳಿ. ಆದರೆ ಮಂಡಿ ನೋವಿಗೆ ಕೆಲವರು ಹಾಕುವ ಸೂಜಿಯಲ್ಲಿ ಸ್ಟಿರಾಯ್ಡ್ ಇರುತ್ತೆ. ನೋವು ಮಾಯ, ಶುಗರ್ ಮಾತ್ರ ಮೇಲೆ ಹೋಗಿ ಕೂರುತ್ತೆ. ನೋವಿನ ಮಾತ್ರೆ ದಿನಾ ನುಂಗಿದರೆ ಕಿಡ್ನಿಗೂ ಏಟು. ಒಂದು ವೇಳೆ ಅಂಥ ಸೂಜಿ ಹಾಕಿಸಿಕೊಂಡಿದ್ದರೆ ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ. ಬೈಸಿಕೊಂಡರೂ ಪರವಾಗಿಲ್ಲ. ಖಾಸಗಿ ಕ್ಲಿನಿಕ್ ಆದರೆ ಗೋಡೆಯ ಮೇಲೆ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾನೂನಿನ, ನೋಂದಣಿ ಇದೆಯಾ ನೋಡಿ. 2007ರ ಕಾನೂನು ಅದು, ಇರಲೇಬೇಕು.

ನೀರಿನ ವಿಷಯ ಹೇಳದಿದ್ದರೆ ಈ ಉತ್ತರ ಮುಗಿಯಲ್ಲ. ನಮ್ಮಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ, ಹೆಚ್ಚಾಗಿ ಬೋರ್‌ವೆಲ್ಲೇ. ಕೋಲಾರ, ಚಿಕ್ಕಬಳ್ಳಾಪುರ, ಆ ಕಡೆ ಪಾವಗಡದವರೆಗೂ ಎಷ್ಟೋ ಬೋರ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಲೆಕ್ಕ. ದಾಟಿದ ನೀರನ್ನು ಚಿಕ್ಕಂದಿನಲ್ಲಿ ಕುಡಿದವರ ಹಲ್ಲು ಕಂದಾಗಬಹುದು, ತುಂಬಾ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಸೊಂಟ ಬಗ್ಗದಂತೆಯೂ ಆಗಬಹುದು. ಕುದಿಸಿದರೆ ಹೋಗುತ್ತೆ ಅಂದುಕೊಳ್ಳಬೇಡಿ. ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತೆ. ಕಾಯಿನ್ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ಹತ್ತಿರದಲ್ಲಿ ಎಲ್ಲಿದೆ ಅಂತ ಮನೆ ಹಿಡಿಯುವ ಮೊದಲೇ ವಿಚಾರಿಸಿ. ಇಲ್ಲೇ ಹಳಬರಾದ ಡಾಕ್ಟರ್, ಕೀಲು ನೋವು ಅಂದ ತಕ್ಷಣ ‘ಯಾವ ಊರ ನೀರು?’ ಅಂತ ಕೇಳುತ್ತಾರೆ. ಟೊಮೆಟೊ ಸೀಸನ್ನಿನಲ್ಲಿ ತಲೆಸುತ್ತು, ವಾಂತಿ ಅಂತ ಯಾರಾದರೂ ಬಂದರೆ ‘ಔಷಧಿ ಹೊಡೆದ್ಯಾ?’, ಅಂದರೆ ತೋಟಕ್ಕೆ ಕೀಟನಾಶಕ ಹೊಡೆದ್ಯಾ, ಅಂತಲೂ ಕೇಳುತ್ತಾರೆ. ಇವು ಊರಲ್ಲಿ ಇದ್ದು ಕಲಿತ ಪ್ರಶ್ನೆಗಳು.

ಮುದ್ದೆ ತಿಂದರೆ ಶುಗರ್ ಇಳಿಯುತ್ತೆ ಅಂತ ಅಕ್ಕಪಕ್ಕದವರು ಅವ್ವನವರಿಗೆ ಮೊದಲ ವಾರವೇ ಹೇಳುತ್ತಾರೆ, ನೋಡ್ತಾ ಇರಿ. ರಾಗಿ ಒಳ್ಳೆಯದೇ. ಆದರೆ ನಮ್ಮ ಮನೆಗಳ ಮುದ್ದೆ ಸೈಜು ನೀವು ನೋಡಿಲ್ಲ! ಅಷ್ಟು ತಿಂದರೆ ರಾಗಿಯಿಂದಲೂ ಶುಗರ್ ಏರುತ್ತೆ. ಅವ್ವನವರು ಜೋಳದ ರೊಟ್ಟಿ ಬಿಡಬೇಕಾಗಿಲ್ಲ, ಎಷ್ಟು ತಿನ್ನಬೇಕು ಅಂತ ಡಾಕ್ಟರನ್ನೇ ಕೇಳಿ.

ದಿನದ ಮಾತ್ರೆಗೆ ದುಡ್ಡು ಸುರಿಯಬೇಕಾಗಿಲ್ಲ. ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ (ಅಂಟದ ಕಾಯಿಲೆಗಳ) ವಿಭಾಗದಲ್ಲಿ ಬಿಪಿ, ಶುಗರ್ ಮಾತ್ರೆ ಪುಕ್ಕಟೆ. ಒಂದೇ ತೊಂದರೆ, ಅಲ್ಲಿ ಡಾಕ್ಟರುಗಳು ವರ್ಗವಾಗುತ್ತಾ ಇರುತ್ತಾರೆ, ನಿಮ್ಮ ಹಾಗೇ. ಅದಕ್ಕೆ ಒಂದು ನೋಟ್‌ಬುಕ್ ಇಡಿ. ಬಿಪಿ ಎಷ್ಟಿತ್ತು, ಮೂರು ತಿಂಗಳ ಸರಾಸರಿ ಶುಗರ್ ಎಷ್ಟು, ಯಾವ ಮಾತ್ರೆ ಬದಲಾಯಿತು, ಯಾವುದು ಹೊಂದಲಿಲ್ಲ, ಎಲ್ಲಾ ತಾರೀಖು ಹಾಕಿ ಬರೆಯಿರಿ.

ಇನ್ನು ವೆಲ್ಲೂರು. ನಮ್ಮವರಿಗೆ ತಲೆನೋವು ಬಂದರೂ ತಮಿಳುನಾಡಿನ ವೆಲ್ಲೂರಿನ ಸಿಎಂಸಿಗೆ, ಅಂದರೆ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜ್ ಆಸ್ಪತ್ರೆಗೆ, ಹೋಗಬೇಕು ಅನ್ನಿಸುತ್ತೆ, ಹೈವೇ ನೇರ ಅಲ್ಲಿಗೇ ಹೋಗುತ್ತಲ್ವಾ. 1900ರಲ್ಲಿ ಶುರುವಾದ ಆಸ್ಪತ್ರೆ, ಒಳ್ಳೆಯ ಆಸ್ಪತ್ರೆಯೇ. ಆದರೆ ಬಿಪಿ ಮಾತ್ರೆ ಬದಲಾಯಿಸೋಕೆ ಅಷ್ಟು ದೂರ ಯಾಕೆ? ಹೋಗಲೇಬೇಕಾದಾಗ ಕಾರಣ ಬರೆದು ತಾವೇ ಕಳಿಸುವ ಡಾಕ್ಟರ್ ಸಿಕ್ಕರೆ ಬಿಡಬೇಡಿ. ‘ಎಲ್ಲಾ ನಾನೇ ನೋಡ್ತೀನಿ’ ಅನ್ನುವವರನ್ನು ಕಂಡರೆ ನನಗೆ ಭಯ.

ಮೊದಲ ಭೇಟಿಗೆ ಬೆಳಿಗ್ಗೆ ಹೋಗಬೇಡಿ. ಹಳ್ಳಿಗಳಿಂದ ಮೊದಲ ಬಸ್ಸಿಗೆ ಬಂದವರೆಲ್ಲ ನಂಬರ್ ಹಾಕಿಸಿ ಕೂತಿರುತ್ತಾರೆ, ಅವರಿಗೆ ವಾಪಸ್ ಬಸ್ ಹಿಡಿಯೋ ಆತುರ. ಸಾಯಂಕಾಲ ಹೋಗಿ. ಹಾವೇರಿಯ ಚೀಟಿಗಳು ಮತ್ತು ಅವ್ವನವರು ಈಗ ನುಂಗುತ್ತಿರುವ ಮಾತ್ರೆಗಳ ಕವರು, ನಾಟಿ ಔಷಧಿ ಇದ್ದರೆ ಅದರ ಡಬ್ಬಿಯನ್ನೂ ಸೇರಿಸಿ, ಹಾಗೇ ಎತ್ತಿಕೊಂಡು ಹೋಗಿ ಟೇಬಲ್ ಮೇಲೆ ಇಟ್ಟುಬಿಡಿ.